ಎಡಗಿವಿಯ ವಿಮರ್ಶೆ

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ದೀಪಾವಳಿಯ ಪಾಡ್ಯ ಮುಗಿಯಿತೆಂದರೆ ಎರಡು ಸೀಜನ್ನುಗಳು ಜೋಡಿಯಾಗಿ ಶುರುವಾಗುತ್ತವೆ. ಒಂದು ಕಬ್ಬಿನದು, ಇನ್ನೊಂದು ನನ್ನದು. ಕಬ್ಬಿನ ಸೀಜನ್ನಿನಲ್ಲಿ ಊರಿಗೆ ರೊಕ್ಕ ಬರುತ್ತದೆ, ನನ್ನ ಸೀಜನ್ನಿನಲ್ಲಿ ಮನೆಯಿಂದ ಹೋಗುತ್ತದೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ನನ್ನಾಕೆ ಎರಡಕ್ಕೂ ಲೆಕ್ಕ ಇಟ್ಟಿದ್ದಾಳೆ. ಗೌಳಿ ಬಂದ ದಿನ ‘ಹಾಲು’ ಎಂದು ಬರೆಯುತ್ತಾಳೆ. ನಾನು ಮೈಫಿಲಿಗೆ ಹೋದ ದಿನ ‘ಹಾಳು’ ಎಂದು ಬರೆಯುತ್ತಾಳೆ. ತಿಂಗಳ ಕೊನೆಗೆ ಕೂಡಿಸುವಾಗ ಒಂದೇ ಒಂದು ಅಕ್ಷರ ನೋಡಿದರೆ ಸಾಕು, ಯಾವುದು ಯಾರ ಖರ್ಚು ಎಂದು ತಿಳಿಯುತ್ತದೆ.

ನಾನು ಸಂಗೀತ ವಿಮರ್ಶಕ. ಹೈಸ್ಕೂಲಿನಲ್ಲಿ 31 ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು. ವಿಮರ್ಶೆಯ ಚಟ ಅದಕ್ಕೂ ಹಿಂದಿನದು. ಒಂದು ವಿಮರ್ಶೆಗೆ ಪತ್ರಿಕೆಯವರು 300 ರೂಪಾಯಿ ಕೊಡುತ್ತಾರೆ. ಇಲ್ಲಿ ‘ಕೊಡುತ್ತಾರೆ’ ಎನ್ನುವ ಕ್ರಿಯಾಪದ ಭವಿಷ್ಯತ್ಕಾಲದ್ದು. ಹೋಗಿ ಬರುವ ಬಸ್ಸು, ಚಹಾ, ರಾತ್ರಿ ತಂಗಿದರೆ ಲಾಡ್ಜು, ತಂಗದಿದ್ದರೆ ಮರುದಿನದ ಸೊಂಟನೋವಿನ ಮುಲಾಮು ಎಲ್ಲ ಸೇರಿ ಒಂದು ಆಲಾಪಕ್ಕೆ ನನ್ನ ಮನೆಗೆ ಬೀಳುವ ಖರ್ಚನ್ನು ಹೇಳುವುದಿಲ್ಲ. ನನ್ನಾಕೆ ಈ ಪತ್ರಿಕೆ ಓದುತ್ತಾಳೆ.

ನನ್ನ ಬತ್ತಳಿಕೆಯಲ್ಲಿ ಸಿದ್ಧ ವಾಕ್ಯಗಳು ಏಳು ಇವೆ. ಗಾಯಕರು ‘ಶ್ರೋತೃಗಳ ಮನಸೂರೆಗೊಂಡರು’ ಎಂಬುದು ಎಲ್ಲರಿಗೂ. ಅವರು ವಯಸ್ಸಾದವರಿದ್ದರೆ ‘ಅನುಭವದ ಮಾಗಿದ ಪಾಕ’, ಹರೆಯದವರಿದ್ದರೆ ‘ಭರವಸೆಯ ಬೆಳಕು’. ರಾಗ ಯಾವುದೆಂದು ನನಗೆ ಗೊತ್ತಾಗದಿದ್ದರೆ ‘ಅಪರೂಪದ ರಾಗವೊಂದನ್ನು ಎತ್ತಿಕೊಂಡು’. ಸಾಥಿದಾರರಿಗೆ ಕೊನೆಯಲ್ಲಿ ಒಂದು ಸಾಲು: ‘ಸಮರ್ಥ ಸಾಥ್ ನೀಡಿದರು’. ಈ ಸಾಲಿನ ಮಹತ್ವ ನನಗೆ ತಿಳಿದದ್ದು ಹೋದ ಚಳಿಗಾಲದಲ್ಲಿ ಅದನ್ನು ಬರೆಯದೆ ಬಿಟ್ಟಾಗ. ಆ ಕಥೆಗೆ ಬರುತ್ತೇನೆ.

‘ತಂಬಾಕು, ಕಬ್ಬು ಬೆಳೆಯೋ ಸೀಮ್ಯಾಗ ಖಯಾಲಿಗೆ ಏನ ಕೆಲಸ್ರೀ ಮಾಸ್ತರ್ರ?’ ಎಂದು ಯಾರಾದರೂ ಕೇಳಿದರೆ ಅವರಿಗೆ ಗ್ರಹಚಾರ ಕಾದಿದೆಯೆಂದೇ ಅರ್ಥ. ನಾನು ಗೋಡೆಯ ನಕಾಶೆಯ ಮುಂದೆ ನಿಂತು ಕೈಯಲ್ಲಿ ಕೋಲು ಹಿಡಿಯುತ್ತೇನೆ. ನೋಡಿ, ಇದು ಕಾಗವಾಡ. ಇಲ್ಲಿಂದ ಮಿರಜ್ ಒಂದು ಚಹಾ ಆರುವಷ್ಟು ದೂರ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ಅಲ್ಲಿ. 1937ರಲ್ಲಿ ಮದರಾಸಿನ ಕಡೆ ಪ್ರವಾಸದಲ್ಲಿ ತೀರಿಕೊಂಡಾಗ ದೇಹವನ್ನು ತಂದು ಮಣ್ಣು ಮಾಡಿದ್ದು ಮಿರಜಿನ ದರ್ಗಾದಲ್ಲಿ. ಹೀರಾಬಾಯಿ ಬಡೋದೆಕರ್ ಹುಟ್ಟಿದ್ದೂ ಮಿರಜಿನಲ್ಲೇ. ಇಗೋ ಕುರುಂದವಾಡ, ವಿಷ್ಣು ದಿಗಂಬರ ಪಲುಸ್ಕರರ ಊರು. ಹುಡುಗನಿದ್ದಾಗ ಪಟಾಕಿ ಸಿಡಿದು ಕಣ್ಣು ಕೆಟ್ಟಿತು, ಮಿರಜಿಗೆ ಹೋಗಿ ಬಾಳಕೃಷ್ಣಬುವಾ ಇಚಲಕರಂಜಿಕರರ ಕಡೆ ಹಾಡು ಕಲಿತರು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹಿಂದೂಸ್ತಾನಿ ಮೊದಲು ಕಲಿತದ್ದು ಮಿರಜಿನ ನೀಲಕಂಠಬುವಾ ಅವರಲ್ಲಿ. ನಿಪ್ಪಾಣಿಯಿಂದ 40 ಕಿಲೋಮೀಟರು ಹೋದರೆ ಕೊಲ್ಲಾಪುರ, ಶಾಹೂ ಮಹಾರಾಜರ ದರಬಾರು, ಅಲ್ಲಾದಿಯಾ ಖಾನ್. ಒಮ್ಮೆ ಅವರ ಕಂಠವೇ ಕೆಟ್ಟುಹೋಯಿತಂತೆ; ಕೆಟ್ಟ ಕಂಠಕ್ಕೆ ಒಗ್ಗುವಂಥ ಹೊಸ ಗಾಯನಶೈಲಿಯನ್ನೇ ಕಟ್ಟಿದರು. ಇಗೋ ಸಾಂಗ್ಲಿ, ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರು ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಕೂತು 1910ರಲ್ಲಿ ಪುಸ್ತಕ ತಂದರು...

‘ಅವರೂ ರಿಟೈರಾದ ಮ್ಯಾಲ ಮನ್ಯಾಗ ಕುಂದ್ರಲಿಲ್ಲಂದ್ರ’ ಎಂದು ಒಳಗಿನಿಂದ ದನಿ ಬರುತ್ತದೆ. ‘ಪಾಪ, ಅವರ ಹೇಣ್ತಿ.’

ಕೇಳಿದವರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿರುತ್ತಾರೆ. ನನ್ನಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ತನ್ನ ಹಳೆಯ ತಕರಾರು ತೆಗೆಯುತ್ತಾಳೆ: ‘ಅಲ್ರೀ, ನಕಾಶ್ಯಾಗ ಕೋಲು ಇಟ್ಟಿದ್ದೆಲ್ಲಾ ಗಡಿ ಆಚೆ. ಈಚೆ ಏನೈತಿ?’

‘ಈಚೆ ಕೇಳೋರು ಇದ್ದೇವಿ’ ಎನ್ನುತ್ತೇನೆ ಎದೆಯುಬ್ಬಿಸಿ.

‘ಅದನ್ನ ಆಮ್ಯಾಲ ನೋಡೂಣು.’

ಅಬ್ದುಲ್ ಕರೀಂ ಖಾನರು ಒಂದು ನಾಯಿಗೆ ಸ್ವರ ಹಿಡಿಯಲು ಕಲಿಸಿ ಸಭೆಯಲ್ಲಿ ಹಾಡಿಸಿದ್ದರೆಂಬ ಕಥೆಯನ್ನು ನಾನು ತುಂಬ ಅಭಿಮಾನದಿಂದ ಹೇಳುತ್ತಿರುತ್ತೇನೆ. ಅದಕ್ಕೂ ಆಕೆಯ ಬಳಿ ಉತ್ತರವಿದೆ: ‘ಆ ನಾಯಿ ಹಾಡ್ತು, ವಿಮರ್ಶಾ ಬರೀಲಿಲ್ಲ. ಅದು ಅದರ ದೊಡ್ಡಸ್ತಿಕಿ.’

ಈ ಹೆಂಗಸಿನ ತವರು ಉಗಾರ. ಕೃಷ್ಣೆಯ ದಂಡೆ. ಅಪ್ಪ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದರು. ಆಕೆ ಒಂದು ದಿನವೂ ಯಾವ ಗುರುವಿನ ಮುಂದೆ ಕೂತಿಲ್ಲ, ಒಂದು ಪುಸ್ತಕ ಓದಿಲ್ಲ. ಆದರೆ ಮಿಕ್ಸರ್ ತಿರುಗಿದಾಗ ‘ಇದು ಕಪ್ಪು ಎರಡಕ್ಕ ಇತ್ತು, ಈಗ ಬಿಳಿ ಎರಡಕ್ಕ ಇಳದೈತಿ, ಮೋಟರ್ ಹೋಗಾಕತ್ತೈತಿ’ ಎಂದು ಹೇಳುತ್ತಾಳೆ. ಮರುವಾರ ಮೋಟರ್ ಹೋಗುತ್ತದೆ. ನನಗೋ ರಾಗ ಗುರುತಿಸಲು ನಿರೂಪಕರ ಸಹಾಯ ಬೇಕು. ನಿರೂಪಕರು ತಪ್ಪು ಹೇಳಿದ ದಿನ ನನ್ನ ವಿಮರ್ಶೆಯಲ್ಲೂ ಅದೇ ತಪ್ಪು ಇರುತ್ತದೆ. ಇದನ್ನು ನಾನು ‘ದಾಖಲೆಗೆ ನಿಷ್ಠೆ’ ಎಂದು ಕರೆದುಕೊಂಡಿದ್ದೇನೆ.

ನಿವೃತ್ತಿಯ ರೊಕ್ಕ ಬಂದಾಗ ನಾನು ಮಾಡಿದ ಮೊದಲ ಕೆಲಸ ಮಿರಜಿಗೆ ಹೋಗಿ ಒಂದು ತಂಬೂರಿ ತಂದದ್ದು. ಹಾಡಲು ಬರುವುದಿಲ್ಲ, ನುಡಿಸಲೂ ಬರುವುದಿಲ್ಲ. ವಿಮರ್ಶಕನ ಮನೆಯಲ್ಲಿ ತಂಬೂರಿ ಇರಬೇಕು, ವಕೀಲರ ಮನೆಯಲ್ಲಿ ದಪ್ಪ ಪುಸ್ತಕ ಇರುವಂತೆ. ಅದು ಪಡಸಾಲೆಯ ಮೂಲೆಯಲ್ಲಿ ನಿಂತಿತು. ಮೂರನೆಯ ತಿಂಗಳಿಗೆ ಅದರ ಬಿರಡೆಗೆ ಸಂತೆಯ ಚೀಲ ನೇತುಬಿತ್ತು. ನಾನು ಕೂಗಾಡಿದೆ. ಚೀಲ ತೆಗೆದಳು, ಕೊಡೆ ನೇತುಹಾಕಿದಳು.

ಹೋದ ನವೆಂಬರಿನಲ್ಲಿ ಮನೆಗೆ ಬಂದಿದ್ದ ಮೊಮ್ಮಗ ತಂತಿ ಮೀಟಿದ. ಒಳಗೆ ರೊಟ್ಟಿ ಬಡಿಯುತ್ತಿದ್ದಾಕೆ ಬಡಿತ ನಿಲ್ಲಿಸದೆಯೇ ಹೇಳಿದಳು, ‘ಪಂಚಮ ಇಳದೈತಿ. ಮತ್ತ ಜವಾರಿನೂ ಹೋಗೇತಿ.’

ನಮ್ಮ ಕಡೆ ಜವಾರಿ ಎಂದರೆ ಊರ ತಳಿ. ಜವಾರಿ ಕೋಳಿ, ಜವಾರಿ ತತ್ತಿ, ಜವಾರಿ ಸೌತಿಕಾಯಿ. ‘ಜವಾರಿ ಎಲ್ಲಿ ಹೋಗ್ತೇತಿ, ಸಂತ್ಯಾಗ ಸಿಗ್ತೇತಲ್ಲ’ ಎಂದೆ ನಾನು, ವಿಮರ್ಶಕ. ಬಡಿತ ನಿಂತಿತು. ಮೊಮ್ಮಗ ಅಜ್ಜಿಯ ಮುಖ ನೋಡಿದ, ಅಜ್ಜಿ ಹಂಚಿನ ಮುಖ ನೋಡಿದಳು.

ಹೀಗೆ ತಂಬೂರಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೀಟು ತೆಗೆದು, ಮಿರಜಿನ ಸತಾರಮೇಕರ್ ಗಲ್ಲಿಗೆ ಹೋದೆವು. ಮಿರಜಿನಲ್ಲಿ ಈ ಕಸುಬು ಹುಟ್ಟಿದ್ದು ಕತ್ತಿ ಮಸೆಯುವ ಶಿಕಲಗಾರ ಮನೆತನದ ಫರೀದ್‌ಸಾಹೇಬರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ. ಕತ್ತಿಗೆ ಗಿರಾಕಿ ಕಡಿಮೆಯಾದಾಗ ಅದೇ ಕೈಗಳು ಸಿತಾರು, ತಂಬೂರಿಗೆ ಹೊರಳಿದವು. ಅಂಗಡಿಯ ಮಾಳಿಗೆಯಿಂದ ಸೋರೆಬುರುಡೆಗಳು ಸಾಲಾಗಿ ತೂಗುತ್ತಿದ್ದವು. ಪಂಢರಪುರದ ಕಡೆಯ ಹೊಲಗಳಲ್ಲಿ ತಂಬೂರಿಗೆಂದೇ ಬೆಳೆದು, ಒಣಗಿಸಿ ತಂದವು. ಒಂದೊಂದೂ ನಮ್ಮ ಮನೆಯ ನೀರಿನ ಕೊಡಕ್ಕಿಂತ ದೊಡ್ಡದು.

ಅವುಗಳನ್ನು ನೋಡಿದ್ದೇ ನನಗೆ ಸೊಂಟ ಕಚಗುಳಿಯಿಟ್ಟಂತಾಯಿತು. ರಾಯಬಾಗ ತಾಲೂಕಿನ ನಮ್ಮ ಹೊಲದ ಬಾವಿಯಲ್ಲಿ ನಾನು ಈಸು ಕಲಿತದ್ದು ಸೋರೆಬುರುಡೆ ಕಟ್ಟಿಕೊಂಡೇ. ಕಲಿತದ್ದು ಅನ್ನುವುದಕ್ಕಿಂತ, ಶುರು ಮಾಡಿದ್ದು. ಓರಗೆಯ ಹುಡುಗರೆಲ್ಲ ಎರಡನೆಯ ಬೇಸಿಗೆಗೆ ಬುರುಡೆ ಬಿಚ್ಚಿ ಎಸೆದರು. ನಾನು ಬಿಚ್ಚಲಿಲ್ಲ. ಗಡಿಯ ಈ ಕಡೆ ನಮ್ಮ ಬಾಯಲ್ಲಿ ಮರಾಠಿಯ ‘ಭೋಪಳಾ’ ಶಬ್ದವೇ ಓಡಾಡುತ್ತದೆ. ಅದಕ್ಕೆ ಸೋರೆ, ಕುಂಬಳ ಎಂಬ ಅರ್ಥವಿದೆ. ಪರೀಕ್ಷೆಯಲ್ಲಿ ಸೊನ್ನೆ ಎಂಬ ಅರ್ಥವೂ ಇದೆ. ‘ಮಾಸ್ತರ್ರಿಗೆ ಈಸಾಕ ಭೋಪಳಾ ಬೇಕು’ ಎಂದು ನನ್ನ ತಮ್ಮ ಈಗಲೂ ಹೇಳುವುದು ಎರಡರಲ್ಲಿ ಯಾವ ಅರ್ಥದಲ್ಲೋ ನಾನು ವಿಚಾರಿಸಲು ಹೋಗಿಲ್ಲ.

ಕಾರೀಗರ ಮಾತಾಡದೆ ತಂಬೂರಿ ಮಡಿಲಿಗೆ ತೆಗೆದುಕೊಂಡರು. ತಂತಿಗಳ ಕೆಳಗಿನ ಕುದುರೆಯ ಮೇಲ್ಮೈ ನೋಡಿದರೆ ಚಪ್ಪಟೆ ಕಾಣುತ್ತದೆ, ಬೆರಳು ಹಾಯಿಸಿದರೆ ಆನೆಯ ಬೆನ್ನಿನಂತೆ ಸಣ್ಣಗೆ ಬಾಗಿರುತ್ತದೆ. ತಂತಿ ಆ ಬಾಗಿನ ಮೇಲೆ ಒಂದೇ ಕಡೆ ಕೂರದೆ, ಮುಟ್ಟಿಯೂ ಮುಟ್ಟದಂತೆ ಒರಸಿಕೊಂಡು ಕಂಪಿಸಬೇಕು; ಆಗ ಏಳುವ ಝೇಂಕಾರವೇ ತಂಬೂರಿಯ ಜವಾರಿ. ವರ್ಷಗಟ್ಟಲೆ ಒರಸಿ ತಂತಿ ಅಲ್ಲಿ ಗೆರೆ ಕೊರೆಯುತ್ತದೆ. ಅವರು ಗೆರೆ ಹೋಗುವಷ್ಟು ಹದವಾಗಿ ಅರದಿಂದ ಉಜ್ಜಿದರು, ಊದಿದರು, ಮತ್ತೆ ಉಜ್ಜಿದರು. ಆಮೇಲೆ ಒಂದು ತುಣುಕು ಹತ್ತಿಯ ನೂಲನ್ನು ಕುದುರೆಗೂ ತಂತಿಗೂ ನಡುವೆ ತೂರಿಸಿ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸತೊಡಗಿದರು. ಮೀಟಿದರೆ ಟಣ್ ಎನ್ನುತ್ತಿದ್ದ ತಂತಿ ನೂಲು ಒಂದು ಜಾಗಕ್ಕೆ ಬಂದದ್ದೇ ತಡ, ಜೇನುಗೂಡಿನ ಬಾಗಿಲು ತೆರೆದಂತೆ ಝೇಂ ಎಂದಿತು.

‘ಹಾಂ. ಸಾಕ್ರಿ’ ಎಂದಳು ನನ್ನಾಕೆ.

ಕಾರೀಗರ ತಲೆಯೆತ್ತಿದರು. ಅವರ ಕೈಯೂ ಅಲ್ಲಿಯೇ ನಿಂತಿತ್ತು. ನನ್ನನ್ನು ಬಿಟ್ಟು ಆಕೆಗೆ ನಮಸ್ಕಾರ ಮಾಡಿ, ‘ತಾಯಿ, ಎಲ್ಲಿ ಹಾಡ್ತೀರಿ?’ ಎಂದರು. ‘ಹಾಡೂದಿಲ್ರಿ, ರೊಟ್ಟಿ ಮಾಡ್ತೇನಿ’ ಎಂದಳು. ‘ಸಾಹೇಬ್ರು?’ ಎಂದು ನನ್ನ ಕಡೆ ಬೆರಳು ಮಾಡಿದರು. ‘ಅವರು ಚೀಲ ಹಿಡೀತಾರ.’

ಡಿಸೆಂಬರಿನ ಪುಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವ; ನಮ್ಮ ಕುಂದಗೋಳದ ಗುರುವಿಗೆ ನಮ್ಮ ಗದುಗಿನ ಶಿಷ್ಯ ಪುಣೆಯಲ್ಲಿ ಕಟ್ಟಿದ ಗುಡಿ ಎಂದು ನಾನು ಪ್ರತಿ ವರ್ಷ ಒಂದೇ ವಾಕ್ಯ ಬರೆಯುತ್ತೇನೆ. ಹಿಂದೆ ಬೆಳತನಕ ನಡೆಯುತ್ತಿತ್ತು. ಧ್ವನಿವರ್ಧಕದ ಕಾಯಿದೆ ಬಂದ ಮೇಲೆ ಹೆಚ್ಚಿನ ದಿನ ರಾತ್ರಿ ಹತ್ತಕ್ಕೇ ಮುಗಿಯುತ್ತದೆ. (ಆ ಕಾಯಿದೆ ನಮ್ಮ ಕಬ್ಬಿನ ಟ್ರ್ಯಾಕ್ಟರುಗಳಿಗೆ ಅನ್ವಯಿಸುವುದಿಲ್ಲ. ಎರಡು ಟ್ರೇಲರು ತುಂಬ ಕಬ್ಬು, ಡ್ರೈವರನ ತಲೆಯ ಹಿಂದೆ ಎರಡು ಆಳೆತ್ತರದ ಸ್ಪೀಕರು, ನಸುಕಿನ ಮೂರಕ್ಕೆ ನನ್ನ ಕಿಟಕಿ ಅದುರುತ್ತದೆ. ಲಯ ಮಾತ್ರ ಪಕ್ಕಾ.) ನಾನು ಕಣ್ಣು ಮುಚ್ಚಿ ಏಕಾಗ್ರತೆಯಿಂದ ವಿಲಂಬಿತ ಕೇಳುತ್ತಿದ್ದೆ. ಪಕ್ಕದ ಪುಣೇರಿ ಅಜ್ಜ ನನ್ನ ತೊಡೆ ತಟ್ಟಿ, ‘ಕಾಕಾ, ಖರ್ಜ ಛಾನ ಲಾಗಲಾಯ’ ಎಂದ. ನಿಮ್ಮ ಮಂದ್ರ ಬಲು ಚೆನ್ನಾಗಿ ಹತ್ತಿದೆ ಎಂದು. ಸುತ್ತ ಕೂತವರು ನಕ್ಕರು. ಎರಡು ಸಾಲು ಮುಂದಿದ್ದ ನನ್ನಾಕೆ ಮಾತ್ರ ತಿರುಗಿ ನೋಡಲಿಲ್ಲ. ಆಕೆಗೆ ಆ ಘರಾಣೆ 34 ವರ್ಷದಿಂದ ಪರಿಚಯ.

ಜನವರಿಯಲ್ಲಿ ಮಂಡಿ ಹಿಡಿಯಿತು. ‘ನೆಲದ ಮೇಲೆ ಕೂತು ಹಾಡು ಕೇಳೋದು ಕಡಿಮೆ ಮಾಡಿ, ಈಸಾಡಿ’ ಎಂದರು ಡಾಕ್ಟರು. ಸಂಕ್ರಾಂತಿಗೆ ನನ್ನಾಕೆಯ ತಂಗಿಯ ಮನೆಗೆ, ಕಾರವಾರಕ್ಕೆ, ಹೊರಟಿದ್ದೆವು. ಒಂದು ಡಬ್ಬಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಕಾಳುಪಲ್ಯ. ಸಮುದ್ರದ ಊರಿಗೆ ಹೋದರೂ ನಾವು ಊಟ ಕಟ್ಟಿಕೊಂಡು ಹೋಗುವ ಜನ. ದಾರಿ ಗೋವಾದ ಮೇಲೆ. ಕಾರಿನಲ್ಲಿ ನಾನು ಕೇಸರಬಾಯಿ ಕೇರ್ಕರರ ವಿಷಯ ತೆಗೆದೆ. ಗೋವಾದ ಕೇರಿ ಗ್ರಾಮದವರು, ಅಲ್ಲಾದಿಯಾ ಖಾನರ ಶಿಷ್ಯೆ; ಅವರ ಭೈರವಿಯ ಧ್ವನಿಮುದ್ರಿಕೆಯನ್ನು 1977ರಲ್ಲಿ ವಾಯೇಜರ್ ನೌಕೆಯಲ್ಲಿಟ್ಟು ಆಕಾಶಕ್ಕೆ ಕಳಿಸಿದರು, ಈಗ ಅದು ಗ್ರಹಗಳನ್ನೆಲ್ಲ ದಾಟಿ ಹೋಗಿದೆ ಎಂದೆ.

‘ಅಲ್ಲಿ ವಿಮರ್ಶಾ ಬರ್ಯಾವರು ಇಲ್ಲಲ್ಲ’ ಎಂದಳು. ‘ಹಿಂಗಾಗಿ ಸುರಳೀತ ಹೊಂಟೈತಿ.’

ಕಾರವಾರದ ಟಾಗೋರ್ ಕಡಲತೀರ. ರವೀಂದ್ರನಾಥರು ಹರೆಯದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು, ಈ ದಂಡೆಯಲ್ಲಿ ಒಂದು ನಾಟಕ ಬರೆದರು. ನಾನು ಬರೆಯುವವನೇ, ಬಂಧುಗಳ ಮನೆಗೆ ಬಂದವನೇ. ಬೆಳಗಿನ ಏಳು ಗಂಟೆಗೆ ಹಾಫ್ ಚಡ್ಡಿ ಹಾಕಿಕೊಂಡು, ಅಥಣಿಯ ಚಪ್ಪಲಿ ಕಳಚಿ ಮರಳಿನ ಮೇಲಿಟ್ಟು, ಷಡ್ಡಕನಿಗೂ ಮಕ್ಕಳಿಗೂ ಪಾಠ ಶುರುಮಾಡಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆದ್ದರಿಂದ ಬಾವಿಗಿಂತ ಇಲ್ಲಿ ದೇಹ ಹಗುರ. ಮುಳುಗುವ ಪ್ರಶ್ನೆಯೇ ಇಲ್ಲ. ಉಬ್ಬರ, ಇಳಿತ ಚಂದ್ರನ ಸೆಳೆತದಿಂದ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚು. 31 ವರ್ಷ ಕರಿಹಲಗೆಯ ಮೇಲೆ ಅಲೆ ಬರೆದವನು ನಾನು. ನೀಲಿ ಚಾಕ್‌ಪೀಸಿನ ಅಲೆ. ಅದು ಯಾವತ್ತೂ ನನ್ನ ಮೇಲೆ ಬಂದಿರಲಿಲ್ಲ.

ಮೊದಲನೆಯದು ಮೊಣಕಾಲಿಗೆ ಬಂತು. ಎರಡನೆಯದು ಎದೆಗೆ. ಮೂರನೆಯದಕ್ಕೆ ನಾನು ತಲೆ ಎತ್ತಿ ಧೀರನಾಗಿ ನಿಂತೆ. ಆಮೇಲೆ ಕೆಲವು ಕ್ಷಣ ಮೇಲು ಕೆಳಗು ತಿಳಿಯಲಿಲ್ಲ. ಹಸಿರು ಕತ್ತಲೆ, ಬಾಯಿ ತುಂಬ ಉಪ್ಪು, ಮೂಗಿನಲ್ಲಿ ಮರಳು, ಎಡಗಿವಿಯಲ್ಲಿ ಗುಳುಂ ಎಂಬ ಒಂದು ಸದ್ದು. ಕೈಗಳು ತಾವಾಗಿಯೇ ಸೊಂಟದಲ್ಲಿ ಸೋರೆಬುರುಡೆ ಹುಡುಕಿದವು.

ಎಬ್ಬಿಸಿ ನಿಲ್ಲಿಸಿದ ಕೈ ನನ್ನಾಕೆಯದು. ಸೀರೆಗೆ ಕಚ್ಚೆ ಬಿಗಿದು ಯಾವಾಗ ಇಳಿದಿದ್ದಳೋ. ನನ್ನನ್ನು ದಂಡೆಗೆ ತಳ್ಳಿ ತಾನು ತಿರುಗಿ ಹೋದಳು. ಉಗಾರದ ಹುಡುಗಿ, ಶ್ರಾವಣದ ಹೊಳೆ ಈಸಿದಾಕೆ. ಅಲೆ ಬರುವಾಗ ಅವಸರವಿಲ್ಲ, ಅದು ಮುರಿಯುವ ಗಳಿಗೆಗೆ ಸರಿಯಾಗಿ ತಲೆ ಬಗ್ಗಿಸಿ ಅದರ ಹೊಟ್ಟೆಯೊಳಗಿಂದ ಆಚೆಗೆ ಏಳುತ್ತಿದ್ದಳು. ಅಲ್ಲಿ ಅಂಗಾತ ಮಲಗಿ ಏನೋ ಗುನುಗುತ್ತಿದ್ದಳು. ರಾಗ ಯಾವುದೆಂದು ಹೇಳಲು ಅಲ್ಲಿ ನಿರೂಪಕರಿರಲಿಲ್ಲ.

‘ಹೊಳಿ ಒಂದ ಕಡಿಗಿ ಹೊಂಟಿರ್ತೇತಿ’ ಎಂದಳು ಬಂದು, ಕೂದಲು ಹಿಂಡುತ್ತ. ‘ಇದು ಹಂಗಲ್ಲ, ಹೋಗಿ ಬಂದು ಮಾಡ್ತೇತಿ. ವಿಲಂಬಿತ ಇದ್ದಂಗ. ನಡುವ ಗಡಿಬಿಡಿ ಮಾಡಬಾರ್ದು. ಸಮ್ ಬಂದಾಗ ತಲಿ ಬಗ್ಗಸಬೇಕು. ನೀವು ಸಮ್ಮಿನ್ಯಾಗ ತಲಿ ಎತ್ತಿದ್ರಿ.’

ಅಷ್ಟರಲ್ಲಿ ಉಬ್ಬರ ಏರಿ, ನಾನು ಚಪ್ಪಲಿ ಇಟ್ಟ ಮರಳು ಇರಲಿಲ್ಲ. ಅಥಣಿಯಲ್ಲಿ ಹೇಳಿ ಮಾಡಿಸಿದ ಜೋಡು, ಕರ್ ಕರ್ ಸದ್ದು ಬರುವಂಥದು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ ಎಂದು ಕಂಡಕಂಡವರಿಗೆ ತೋರಿಸುತ್ತಿದ್ದ ಜೋಡು. ಅರ್ಧ ತಾಸಿಗೆ ಎಡಗಾಲಿನದು ತಿರುಗಿ ಬಂತು. ನೀರು ಕುಡಿದು ಜೋಳದ ರೊಟ್ಟಿಯಂತೆ ಉಬ್ಬಿತ್ತು. ಬಲಗಾಲಿನದು ಕೇಸರಬಾಯಿಯವರ ದಾರಿ ಹಿಡಿಯಿತು.

ವಾರದ ನಂತರ ಕೃಷ್ಣೆಯ ಆಚೆಯ ಒಂದೂರಿನಲ್ಲಿ ಸಂಗೀತ ಸಭೆ. ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ; ನನ್ನ ಎಡಕ್ಕೆ ತಬಲಾ, ಬಲಕ್ಕೆ ಪೇಟಿ. ಗಾಯಕಿಯ ಸ್ವರ ಚೆನ್ನಾಗಿಯೇ ಇತ್ತು. ತಬಲಾ ಮಾತ್ರ ಎಲ್ಲೋ ದೂರದ ಊರಿನಲ್ಲಿ ಬಾರಿಸಿದಂತೆ, ಎಡಗೈಯಲ್ಲಿ ಬಾರಿಸುವ ಡಗ್ಗಾವಂತೂ ಇಲ್ಲವೇ ಇಲ್ಲ. ಹುಡುಗ ಎಡಗೈ ಆಡಿಸುತ್ತಿದ್ದ, ಮಣಿಕಟ್ಟಿನಿಂದ ಒತ್ತುತ್ತಿದ್ದ, ಸಭೆ ವಾಹವಾ ಎನ್ನುತ್ತಿತ್ತು, ನನಗೆ ಮಾತ್ರ ಹತ್ತಿ ತುಂಬಿದ ಗಾದಿಯನ್ನು ಗುದ್ದಿದಂತೆ. ಇಷ್ಟು ವರ್ಷದ ವಿಮರ್ಶೆಯಲ್ಲಿ ಮೊದಲ ಸಲ ನನಗೆ ಸ್ವಂತ ಅಭಿಪ್ರಾಯ ಹುಟ್ಟಿತು. ಆ ಆನಂದ ಏನು ಹೇಳಲಿ! ಸಿದ್ಧ ವಾಕ್ಯಗಳನ್ನೆಲ್ಲ ಬದಿಗಿಟ್ಟು ರಾತ್ರಿಯೇ ಕೂತು ಬರೆದೆ. ಅಲೆಯ ಉಪಮೆ, ಸಮ್ಮಿನಲ್ಲಿ ತಲೆ ಬಗ್ಗಿಸುವ ಮಾತು ಗಾಯಕಿಗೆ ಹೋಯಿತು (ಅದರ ಮೂಲವನ್ನು ಉಲ್ಲೇಖಿಸಲು ಜಾಗವಿರಲಿಲ್ಲ). ಕೊನೆಗೆ ಬರೆದೆ: ‘ತಬಲಾ ಸಾಥ್‌ನಲ್ಲಿ ಡಗ್ಗಾ ತನ್ನ ಇರವನ್ನೇ ಮರೆತಂತಿತ್ತು. ಯುವ ವಾದಕರ ಎಡಗೈಗೆ ಇನ್ನೂ ಸಾಧನೆ ಬೇಕು.’

ರವಿವಾರ ಅಚ್ಚಾಯಿತು. ನನ್ನಾಕೆ ಚಹಾ ಆರಲು ಬಿಟ್ಟು ಎರಡು ಸಲ ಓದಿದಳು.

‘ಅಲೀದು ನನ್ನ ಮಾತು’ ಎಂದಳು. ‘ಅದು ಇರ್ಲಿ. ಡಗ್ಗಾ ಕೇಳಸಲಿಲ್ಲಂತ ಬರದೀರಲ್ಲ, ನೀವು ಯಾ ಊರಿನ ಕಛೇರಿಗೆ ಹೋಗಿದ್ರಿ? ಹಿಂದ ಹೆಣಮಕ್ಕಳ ಸಾಲ್ಯಾಗ ಕುಂತಾಕಿ ನಾ, ಜಮಖಾನಿ ನಡಗತಿತ್ತು.’

ನಾನು ಕಲೆ, ಅಭಿರುಚಿ, ದೃಷ್ಟಿಕೋನ ಎಂದೇನೋ ಹೇಳುತ್ತಿದ್ದೆ. ಆಕೆ ನನ್ನ ಎಡಕ್ಕೆ ಬಂದು ನಿಂತಳು. ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ. ಆಮೇಲೆ ಬಲಕ್ಕೆ ಬಂದು, ‘ನಿಮ್ಮ ಪೆನ್ಶನ್ ಹೆಚ್ಚಾಗೇತಂತ’ ಎಂದಳು.

‘ಎಷ್ಟು?’ ಎಂದು ಎದ್ದು ನಿಂತೆ.

‘ಇದನ್ನ ಎಡಕ್ಕ ನಿಂತು ಮೂರ ಸಲ ಹೇಳಿದೆ’ ಎಂದಳು.

ಕಾರವಾರದ ನೀರು ಇನ್ನೂ ಒಳಗೇ ಇತ್ತು. ಟಾಗೋರರು ಆ ದಂಡೆಯಿಂದ ನಾಟಕ ತಂದರು, ನಾನು ಅರಬ್ಬಿ ಸಮುದ್ರವನ್ನೇ ಸ್ವಲ್ಪ ತಂದಿದ್ದೆ. ನಾಳೆ ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದೆ. ‘ನಾಳಿಗಿ ನಾಳಿ. ಮೊದಲ ಬಾವ್ಯಾಗ ಈಸೋ ಹುಡುಗರು ಮಾಡೂದನ್ನ ಮಾಡ್ರಿ’ ಎಂದು ಅಂಗಳದ ಬಿಸಿಲಿಗೆ ಕಾದಿದ್ದ ಒಂದು ಚಪ್ಪಟೆ ಕಲ್ಲು ತಂದು ಕೈಯಲ್ಲಿಟ್ಟಳು. ನಮ್ಮ ಸೀಮೆಯಲ್ಲಿ ಈಸು ಬಲ್ಲ ಎಲ್ಲರಿಗೂ ಗೊತ್ತು: ನೀರು ಹೊಕ್ಕ ಕಿವಿಗೆ ಬಿಸಿ ಕಲ್ಲು ಹಚ್ಚಿ, ತಲೆಯನ್ನು ಆ ಕಡೆ ವಾಲಿಸಿ, ಅದೇ ಕಡೆಯ ಕಾಲ ಮೇಲೆ ಕುಣಿಯಬೇಕು. ನಾನು ಬುರುಡೆ ಬಿಚ್ಚದವನಾದ್ದರಿಂದ ಆ ಹಂತಕ್ಕೆ ಬಂದಿರಲಿಲ್ಲ.

ಎಡಗಾಲು ಮಂಡಿನೋವಿನದು. ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ತಲೆ ಎಡಕ್ಕೆ, ಕಲ್ಲು ಕಿವಿಗೆ. ಹತ್ತು ಕುಣಿತಕ್ಕೆ ನಿಂತೆ. ‘ನಿಲ್ಲಬ್ಯಾಡ್ರಿ, ಲಯದಾಗ ಬರ್ರಿ’ ಎಂದು ಆಕೆ ಕಟ್ಟೆಯ ಮೇಲೆ ಕೂತು ಕೈತಾಳ ಹಾಕತೊಡಗಿದಳು. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ. ಬಲಗಿವಿಗಷ್ಟೇ ಕೇಳುತ್ತಿತ್ತು. ಖಾಲಿಯಲ್ಲಿ ಕೈ ಹೊರಚಾಚಿದಾಗ ನನಗೆ ವಿಶ್ರಾಂತಿ ಎಂದುಕೊಂಡು ನಿಂತರೆ, ‘ಖಾಲ್ಯಾಗನೂ ಮಾತ್ರಾ ಇರ್ತಾವ್ರಿ’ ಎಂದು ಗದರಿದಳು.

ಎರಡನೆಯ ಆವರ್ತನದಲ್ಲಿ ಗೇಟಿನ ಹತ್ತಿರ ಯಾರೋ ನಿಂತದ್ದು ಕಂಡಿತು. ಮೋಟರ್‌ಸೈಕಲ್ ಬಂದದ್ದು ನನಗೆ ಕೇಳಿರಲಿಲ್ಲ. ಇಪ್ಪತ್ತೈದು ವರ್ಷದ ಹುಡುಗ, ಕೈಯಲ್ಲಿ ಮಡಚಿದ ರವಿವಾರದ ಪತ್ರಿಕೆ. ತುಟಿ ಅಲ್ಲಾಡುತ್ತಿತ್ತು. ಮುಖ ನೋಡಿದರೆ ಆಶೀರ್ವಾದದ ಮಾತಿರಲಿಲ್ಲ. ನಾನು ಒಂದು ಕಾಲ ಮೇಲೆ ನಿಂತಲ್ಲೇ ನಿಂತೆ.

‘ಬಾ ತಮ್ಮಾ, ಕುಂದ್ರು’ ಎಂದಳು ನನ್ನಾಕೆ, ತಾಳ ಬಿಡದೆ. ‘ಮಾಸ್ತರ್ರು ಡಗ್ಗಾ ಹುಡಕಾಕತ್ತಾರ.’

ಹುಡುಗ ಪತ್ರಿಕೆ ನೋಡಿದ, ನನ್ನ ನೋಡಿದ, ಕಲ್ಲು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು, ಅಂಗಳದಲ್ಲಿದ್ದ ಖಾಲಿ ಕೊಡ ಬೋರಲು ಹಾಕಿಕೊಂಡು ಕೂತ. ಠೇಕಾ ಹಿಡಿದ. ಇನ್ನು ನಾನು ತಪ್ಪಿಸಿಕೊಳ್ಳುವಂತಿರಲಿಲ್ಲ. ಗೋಡೆಯ ಮೇಲಿಂದ ನೆರೆಮನೆಯ ಎರಡು ತಲೆಗಳು ಎದ್ದವು. ಮೂರನೆಯ ಆವರ್ತನ, ನಾಲ್ಕನೆಯದು. ತಿಹಾಯಿ ಹಾಕಿ ಸಮ್ಮಿಗೆ ಬರುವಾಗ ನಾನು ನೆನಪಿಟ್ಟು ತಲೆ ಬಗ್ಗಿಸಿದೆ. ಕಿವಿಯಿಂದ ಬೆಚ್ಚಗೆ ಒಂದು ಎಳೆ ಕತ್ತಿನ ಗುಂಟ ಇಳಿಯಿತು.

ಚಿಕ್ಕೋಡಿಯೆಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಕುಕ್ಕರಿನ ಸೀಟಿ, ಎಮ್ಮೆ, ಬಸ್‌ಸ್ಟ್ಯಾಂಡಿನ ಅನೌನ್ಸು, ನೆರೆಮನೆಯವರ ನಗು, ದೂರದ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಧಮ್ ಧಮ್. ಎಲ್ಲದರ ಕೆಳಗೆ, ಪ್ಲಾಸ್ಟಿಕ್ ಕೊಡದ ಮೇಲೆ ಎಡಗೈಯ ಅಂಗೈ ಒತ್ತಿ ಸರಿಸಿದ ಒಂದು ದುಂಡನೆಯ ಗುಂಕಾರ.

‘ಕೇಳಸ್ತೇನ್ರೀ?’ ಎಂದ ಹುಡುಗ.

ಎಳ್ಳುರೊಟ್ಟಿ, ಬೆಣ್ಣೆ, ಗುರೆಳ್ಳು ಚಟ್ನಿ ತಿನ್ನಿಸಿ ಕಳಿಸಿದೆವು. ತಂಬೂರಿ ನೋಡಿ, ಮೀಟಿ, ‘ಜವಾರಿ ಮಸ್ತ ಬಿಡಸ್ಯಾರ್ರೀ’ ಎಂದು ನನ್ನನ್ನು ಹೊಗಳಿದ. ನಾನು ಒಪ್ಪಿಕೊಂಡೆ. ಅಂದು ರಾತ್ರಿಯೇ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ, ಬರೆದದ್ದು ನಾನೇ ಆದರೂ ಹೇಳಿ ಬರೆಸಿದ್ದು ಯಾರೆಂದು ತಿಳಿಯಿತಲ್ಲ: ‘ಹಿಂದಿನ ವಿಮರ್ಶೆಯಲ್ಲಿ ವಿಮರ್ಶಕರ ಶ್ರವಣದೋಷದಿಂದ ತಪ್ಪಾಗಿದೆ. ಯುವ ವಾದಕರ ತಬಲಾ ಸಾಥ್ ಸಮರ್ಥವಾಗಿತ್ತು. ಅವರ ಡಗ್ಗಾ ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.’

ಬುಧವಾರದ ಸಂಚಿಕೆಯ ಒಳಪುಟದಲ್ಲಿ, ಬೋರ್‌ವೆಲ್ ಜಾಹೀರಾತಿನ ಕೆಳಗೆ, ಅದು ಅಚ್ಚಾಗಿ ಬಂತು. ನನ್ನಾಕೆ ಗಟ್ಟಿಯಾಗಿ ಓದಿದಳು. ಅಚ್ಚುಮೊಳೆಯ ಕಾಲ ಹೋದರೂ ಅಚ್ಚಿನ ತಪ್ಪು ಹೋಗಿಲ್ಲ. ‘ಡ’ ಕಾರ ‘ದ’ ಕಾರವಾಗಿತ್ತು, ಒತ್ತು ಬಿದ್ದುಹೋಗಿತ್ತು. ‘ಅವರ ದಗಾ ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.’

ಗೇಟಿನ ಹೊರಗೆ ಮೋಟರ್‌ಸೈಕಲ್ ಬಂದು ನಿಂತ ಸದ್ದು ಈ ಸಲ ನನಗೆ ಎರಡೂ ಕಿವಿಗೆ ಕೇಳಿಸಿತು.